ಪರದೆ ಮೇಲೆ ಬ್ಯಾಲೆ ಕಲಾವಿದೆ ಆಗಬೇಕಾ? ಕುತ್ತಿಗೆಯಿಂದ ಶುರು ಮಾಡಿ

ಬ್ಯಾಲೆ ಕಲಾವಿದೆಯ ಪಾತ್ರ ಸಿಕ್ಕಿತು ಅಂದ ತಕ್ಷಣ ಎಲ್ಲರೂ ಕಾಲಿನ ಹಿಂದೆ ಬೀಳುತ್ತಾರೆ. ಕಾಲು ಎಷ್ಟು ಮೇಲೆ ಹೋಗುತ್ತದೆ, ಸ್ಪ್ಲಿಟ್ ಬರುತ್ತದಾ, ಬೆರಳ ತುದಿಯಲ್ಲಿ ನಿಲ್ಲೋಕೆ ಆಗುತ್ತದಾ, ಇದೇ ಚಿಂತೆ. ಹಾಸನದಲ್ಲಿ ರಂಗತಂಡಗಳ ಹುಡುಗ ಹುಡುಗಿಯರಿಗೆ ದೇಹದ ತಾಲೀಮು ಮಾಡಿಸುವ ನನಗೆ ಈ ಪ್ರಶ್ನೆ ಈಗೀಗ ಜಾಸ್ತಿ ಬರುತ್ತಿದೆ. ಕಿರುಚಿತ್ರ, ವೆಬ್ ಸೀರೀಸ್, ಜಾಹೀರಾತು ಅಂತ ಆಡಿಷನ್‌ಗೆ ಹೋಗುವವರು ನಮ್ಮೂರಲ್ಲೂ ಇದ್ದಾರೆ, ಚಿಕ್ಕಮಗಳೂರಲ್ಲೂ ಇದ್ದಾರೆ. ಅವರಿಗೆಲ್ಲ ನಾನು ಹೇಳುವುದು ಇಷ್ಟೇ: ಕುತ್ತಿಗೆ, ಬೆನ್ನು, ತೋಳಿನಿಂದ ಶುರು ಮಾಡಿ. ಕ್ಯಾಮೆರಾ ಹೆಚ್ಚಿನ ಹೊತ್ತು ನೋಡುವುದು ಅವನ್ನೇ. ಪಾತ್ರ ಸುಮ್ನೆ ಬಾಗಿಲ ಬಳಿ ನಿಂತಾಗಲೇ, ಇವಳು ಕುಣಿಯುವವಳು ಹೌದೋ ಅಲ್ಲವೋ ಅಂತ ನೋಡುವವರಿಗೆ ಗೊತ್ತಾಗಿಬಿಡುತ್ತದೆ.

ಮೊದಲು ನಿರ್ದೇಶಕರ ಹತ್ತಿರ ಕೂತು ಮಾತಾಡಿ

ತಾಲೀಮಿಗೆ ಮುಂಚೆ ನಾಲ್ಕು ವಿಷಯ ಗೊತ್ತಿರಬೇಕು. ಕುಣಿತದ ಶಾಟ್ ಎಷ್ಟಿವೆ? ಅದರಲ್ಲಿ ತಲೆಯಿಂದ ಕಾಲಿನವರೆಗೆ ಕಾಣುವುದು ಎಷ್ಟು? ಡಬಲ್, ಅಂದರೆ ಕಷ್ಟದ ಶಾಟ್‌ನಲ್ಲಿ ನಿಮ್ಮ ಬದಲಿಗೆ ಕುಣಿಯುವವರು, ಇದ್ದಾರಾ? ಶೂಟಿಂಗ್‌ಗೆ ಎಷ್ಟು ತಿಂಗಳಿದೆ? ಇದನ್ನು ಕೇಳಲು ಸಂಕೋಚ ಬೇಡ. ಉತ್ತರದ ಮೇಲೆ ನಿಮ್ಮ ಇಡೀ ತಯಾರಿ ನಿಂತಿದೆ.

ಹಾಲಿವುಡ್ ನಟಿ ನಟಾಲಿ ಪೋರ್ಟ್‌ಮನ್ 2010ರ ‘ಬ್ಲ್ಯಾಕ್ ಸ್ವಾನ್’ ಸಿನಿಮಾಗೆ ಸುಮಾರು ಒಂದು ವರ್ಷ ತಯಾರಿ ಮಾಡಿದರು. ಪೋರ್ಟ್‌ಮನ್‌ಗೆ ಕಲಿಸಿದವರು ನ್ಯೂಯಾರ್ಕ್ ಸಿಟಿ ಬ್ಯಾಲೆ ತಂಡದಲ್ಲಿ ಕುಣಿದಿದ್ದ ಮೇರಿ ಹೆಲೆನ್ ಬೋವರ್ಸ್. ಮೊದಲು ದಿನಕ್ಕೆ ಐದು ಗಂಟೆ, ಶೂಟಿಂಗ್ ಹತ್ತಿರ ಬಂದಂತೆ ಎಂಟು ಗಂಟೆ ತಾಲೀಮು. ಜೊತೆಗೆ ಈಜು. ಪೋರ್ಟ್‌ಮನ್ ಚಿಕ್ಕಂದಿನಲ್ಲೇ ಬ್ಯಾಲೆ ಕಲಿತಿದ್ದವರು. ಇಷ್ಟಾದರೂ ಕಷ್ಟದ ಶಾಟ್‌ಗಳಲ್ಲಿ ಅಮೆರಿಕನ್ ಬ್ಯಾಲೆ ಥಿಯೇಟರ್ ತಂಡದ ಸಾರಾ ಲೇನ್ ಡಬಲ್ ಆಗಿ ಕುಣಿದರು. ಇನ್ನೂ ಹಿಂದೆ ಹೋದರೆ, 1948ರ ‘ದಿ ರೆಡ್ ಶೂಸ್’ಗೆ ನಟಿಯನ್ನು ಹುಡುಕಿ ಕುಣಿತ ಕಲಿಸುವ ಗೋಜಿಗೇ ಹೋಗಲಿಲ್ಲ. ಮೊಯ್ರಾ ಶಿಯರರ್ ಎಂಬ ನಿಜವಾದ ಬ್ಯಾಲೆ ಕಲಾವಿದೆಯನ್ನೇ ನಾಯಕಿ ಮಾಡಿದರು. ಎಳವೆಯಿಂದ ಹತ್ತಾರು ವರ್ಷ ದಿನಾ ಮಾಡಿದ ಅಭ್ಯಾಸವನ್ನು ಕೆಲವು ತಿಂಗಳಲ್ಲಿ ದೇಹಕ್ಕೆ ತುಂಬಲು ಆಗುವುದಿಲ್ಲ. ಆದರೆ ಆ ಅಭ್ಯಾಸ ದೇಹದ ಮೇಲೆ ಬಿಟ್ಟ ಗುರುತುಗಳನ್ನು ಕಲಿಯಬಹುದು.

ನನ್ನ ಲೆಕ್ಕದಲ್ಲಿ, ಏನೂ ಗೊತ್ತಿಲ್ಲದವರಿಗೆ ಸೊಂಟದ ಮೇಲಿನ ಶಾಟ್‌ಗಳಿಗೆ ಮೂರು ತಿಂಗಳಾದರೂ ಬೇಕು. ಪೂರ್ತಿ ದೇಹ ಕಾಣುವ ಸಣ್ಣ ತುಣುಕುಗಳಿಗೆ ಒಂದು ವರ್ಷ. ಹದಿನೈದು ದಿನದಲ್ಲಿ ರೆಡಿ ಆಗಿ ಅಂದರೆ, ಕುಣಿತ ಕಾಣದಂತೆ ದೃಶ್ಯ ಬರೆಯಲು ಕೇಳಿ.

ಗುರು, ಡಾಕ್ಟರು, ನೆಲ

ಯೂಟ್ಯೂಬ್ ನೋಡಿ ಕಲಿಯಬಹುದು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಬ್ಯಾಲೆಯಲ್ಲಿ ಪಾದ ಹೊರಗೆ ತಿರುಗುವುದು ಸರಿಯಾಗಿದೆಯಾ, ಮಂಡಿ ತಿರುಚಿಕೊಂಡಿದೆಯಾ ಅನ್ನೋದು ಎದುರಿಗಿರುವ ಕಣ್ಣಿಗೆ ಮಾತ್ರ ಸರಿಯಾಗಿ ಕಾಣುತ್ತದೆ. ಬೆಂಗಳೂರಿನಲ್ಲಿ ತರಗತಿಗಳಿವೆ. 2017ರಲ್ಲಿ ಶ್ರವಣಬೆಳಗೊಳ, ಕುಣಿಗಲ್ ಮೇಲೆ ರೈಲು ಶುರುವಾದ ಮೇಲೆ ಹಾಸನದವರಿಗೆ ಬೆಳಿಗ್ಗೆ ಹೋಗಿ ರಾತ್ರಿ ವಾಪಸ್ ಬರುವುದು ಕಷ್ಟವಲ್ಲ. ಚಿಕ್ಕಮಗಳೂರಿನವರಿಗೆ ಇನ್ನೂ ಸ್ವಲ್ಪ ಜಾಸ್ತಿ ಹೊತ್ತು ಹಿಡಿಯುತ್ತದೆ. ವಾರಕ್ಕೊಂದು ಸಲ ಗುರುವಿನ ಮುಂದೆ ನಿಂತು ತಪ್ಪು ತಿದ್ದಿಸಿಕೊಳ್ಳಿ, ಉಳಿದ ದಿನ ಮನೆಯಲ್ಲಿ ಅದನ್ನೇ ಮಾಡಿ.

ಹಳೇ ಪೆಟ್ಟು, ಬೆನ್ನು ನೋವು, ಮಂಡಿ ನೋವು ಇದ್ದರೆ ಮೊದಲೇ ಫಿಸಿಯೋಥೆರಪಿಸ್ಟ್‌ಗೆ ತೋರಿಸಿ.

ನೆಲದ ವಿಷಯ ನಮ್ಮ ಕಡೆ ತುಂಬಾ ಮುಖ್ಯ. ಬ್ಯಾಲೆ ಶಾಲೆಗಳಲ್ಲಿ ಕೆಳಗೆ ಸ್ವಲ್ಪ ಪುಟಿಯುವ ಮರದ ನೆಲ ಇರುತ್ತದೆ. ನಮ್ಮ ಮನೆಗಳಲ್ಲಿ ಗ್ರಾನೈಟು, ಟೈಲ್ಸು, ಇಲ್ಲವೇ ರೆಡ್ ಆಕ್ಸೈಡು. ಇವುಗಳ ಮೇಲೆ ಜಿಗಿಯಲೇಬೇಡಿ. ಜಿಗಿತದ ಪೂರ್ತಿ ಏಟು ಮೊಣಕಾಲ ಕೆಳಗಿನ ಮೂಳೆಗೆ ಬೀಳುತ್ತದೆ. ನಿಂತು ಮಾಡುವ ಅಭ್ಯಾಸಕ್ಕೆ ಪರವಾಗಿಲ್ಲ, ಆದರೆ ಸಾಕ್ಸ್ ಹಾಕಿಕೊಂಡು ಟೈಲ್ಸ್ ಮೇಲೆ ನಿಂತರೆ ಜಾರುವುದು ಖಂಡಿತ. ಸಕಲೇಶಪುರ, ಮೂಡಿಗೆರೆ ಕಡೆ ಮಳೆಗಾಲದಲ್ಲಂತೂ ನೆಲ ಬೆವರುತ್ತದೆ. ಒಣ ಬಟ್ಟೆಯಲ್ಲಿ ಒರೆಸಿಯೇ ಶುರು ಮಾಡಿ. ಹಿಡಿದುಕೊಳ್ಳುವ ಬಾರ್‌ಗೆ ಸೊಂಟದ ಎತ್ತರದ ಕಿಟಕಿ ಸರಳು ಸಾಕು. ಅದರ ಮೇಲೆ ಭಾರ ಹಾಕಬಾರದು, ಕೈ ಹಗುರಾಗಿ ಇಟ್ಟಿರಬೇಕು ಅಷ್ಟೇ.

ಮೈ ಬೆಚ್ಚಗಾಗದೆ ಯಾವುದೂ ಬೇಡ

ಡಿಸೆಂಬರ್ ಬೆಳಗಿನ ಜಾವ ಹಾಸನದ ಚಳಿ ಗೊತ್ತಲ್ವಾ. ಎದ್ದ ತಕ್ಷಣ ಕಾಲು ಚಾಚಿ ಎಳೆದರೆ ಸ್ನಾಯು ಹರಿಯಬಹುದು. ಹತ್ತು ಹದಿನೈದು ನಿಮಿಷ ಚುರುಕಾಗಿ ನಡೆಯಿರಿ, ತೋಳು ತಿರುಗಿಸಿ, ಕಾಲನ್ನು ಹಿಂದೆ ಮುಂದೆ ಬೀಸಿ. ಹಣೆಯಲ್ಲಿ ತೆಳುವಾಗಿ ಬೆವರು ಬರಲಿ. ಒಂದೇ ಭಂಗಿಯಲ್ಲಿ ಅರ್ಧ ನಿಮಿಷ ಹಿಡಿದು ಎಳೆಯುವ ಸ್ಟ್ರೆಚ್‌ಗಳನ್ನು ತಾಲೀಮು ಮುಗಿದ ಮೇಲೆ ಇಟ್ಟುಕೊಳ್ಳಿ.

ಬೆನ್ನು, ಕುತ್ತಿಗೆ, ತೋಳು: ದಿನದ ಅರ್ಧ ಹೊತ್ತು ಇಲ್ಲೇ

ಗೋಡೆಗೆ ಬೆನ್ನು ಕೊಟ್ಟು, ಹಿಮ್ಮಡಿಯನ್ನು ಗೋಡೆಯಿಂದ ಎರಡು ಬೆರಳು ಮುಂದಿಟ್ಟು ನಿಂತುಕೊಳ್ಳಿ. ಭುಜದ ಹಿಂದಿನ ಎರಡು ಚಪ್ಪಟೆ ಮೂಳೆಗಳನ್ನು ಕೆಳಗೆ ಜಾರಿಸಿ. ಹಿಂದಕ್ಕೆ ಹಿಂಡಬೇಡಿ, ಕೆಳಗೆ ಮಾತ್ರ. ನೆತ್ತಿ ಮೇಲಕ್ಕೆ ಹೋಗಲಿ, ಗಲ್ಲ ನೆಲಕ್ಕೆ ಸಮಾನವಾಗಿರಲಿ. ಈಗ ಪಕ್ಕೆಲುಬು ನೋಡಿಕೊಳ್ಳಿ. ನೆಟ್ಟಗೆ ನಿಲ್ಲು ಅಂದರೆ ನಮ್ಮಲ್ಲಿ ಹೆಚ್ಚಿನವರು ಎದೆ ಉಬ್ಬಿಸುತ್ತಾರೆ, ಪಕ್ಕೆಲುಬು ಮುಂದೆ ಚಾಚುತ್ತದೆ. ಅದು ಎನ್‌ಸಿಸಿ ಪೆರೇಡಿನ ನಿಲುವು, ಬ್ಯಾಲೆಯದಲ್ಲ. ಪಕ್ಕೆಲುಬನ್ನು ಮೆಲ್ಲಗೆ ಒಳಗೆ ತಂದು, ಹೊಟ್ಟೆಯನ್ನು ಬೆನ್ನಿನ ಕಡೆ ಸೇರಿಸಿ, ಆಮೇಲೂ ಉಸಿರಾಡಲು ಆಗಬೇಕು. ಇದೇ ನಿಲುವಿನಲ್ಲಿ ಪಾತ್ರೆ ತೊಳೆಯಿರಿ, ಬಸ್ಸಿಗೆ ಕಾಯಿರಿ, ಫೋನಿನಲ್ಲಿ ಮಾತಾಡಿ. ಫೋನ್ ನೋಡಲು ಕುತ್ತಿಗೆ ಬಗ್ಗಿಸುವ ಚಟ ಇದ್ದರೆ ಈ ಕೆಲಸ ಎರಡು ಪಟ್ಟು. ಒಂದೂವರೆ ತಿಂಗಳ ಹೊತ್ತಿಗೆ ಭುಜ ತಾನಾಗಿ ಕೆಳಗೆ ಕೂರುತ್ತದೆ, ಕುತ್ತಿಗೆ ಉದ್ದ ಕಾಣಲು ಶುರುವಾಗುತ್ತದೆ.

ಇನ್ನು ತೋಳು. ಬ್ಯಾಲೆಯಲ್ಲಿ ತೋಳಿನ ಚಲನೆಗೆ ಪೋರ್ ದ ಬ್ರಾ ಅನ್ನುತ್ತಾರೆ. ಎರಡೂ ಕೈ ಹೊಟ್ಟೆಯ ಮುಂದೆ ದುಂಡಗೆ, ದೊಡ್ಡ ಹಂಡೆಯನ್ನು ಮುಟ್ಟಿಯೂ ಮುಟ್ಟದ ಹಾಗೆ ತಬ್ಬಿಕೊಂಡಂತೆ. ಅಲ್ಲಿಂದ ಎದೆಯ ಮಟ್ಟಕ್ಕೆ, ಅಲ್ಲಿಂದ ಪಕ್ಕಕ್ಕೆ ಬಿಡಿಸಿ, ಮತ್ತೆ ಕೆಳಗೆ. ಮೊಣಕೈ ಜೋತು ಬೀಳಬಾರದು. ಚಲನೆ ಬೆನ್ನಿನಿಂದ ಶುರುವಾಗಿ ಮೊಣಕೈಗೆ, ಮಣಿಕಟ್ಟಿಗೆ ಬಂದು ಬೆರಳಿನಲ್ಲಿ ಕೊನೆಗೆ ಮುಗಿಯಬೇಕು. ಹೆಬ್ಬೆರಳು ಹೊರಗೆ ಸೆಟೆದು ನಿಲ್ಲದೆ ಮಧ್ಯದ ಬೆರಳಿನ ಕಡೆ ಒಳಗೆ ಸರಿದಿರಲಿ. ಕ್ಲೋಸ್‌ಅಪ್‌ನಲ್ಲಿ ಮೊದಲು ಬಣ್ಣ ಬಯಲಾಗುವುದು ಈ ಹೆಬ್ಬೆರಳಿನಲ್ಲೇ.

ಒಂದು ಪರೀಕ್ಷೆ ಮಾಡಿ. ಎರಡೂ ತೋಳನ್ನು ಪಕ್ಕಕ್ಕೆ, ಭುಜಕ್ಕಿಂತ ಸ್ವಲ್ಪ ಕೆಳಗೆ ಹಿಡಿದು, ಎರಡು ನಿಮಿಷ ನಿಮ್ಮ ಡೈಲಾಗ್ ಹೇಳಿ. ಭುಜ ಉರಿಯುತ್ತದೆ, ಮೊಣಕೈ ಕೆಳಗೆ ಬರುತ್ತದೆ, ಹುಬ್ಬು ಗಂಟಾಗುತ್ತದೆ. ಆ ಉರಿಯಲ್ಲೂ ಮುಖ ತಿಳಿಯಾಗಿ ಇರುವವರೆಗೆ ದಿನಾ ಮಾಡಿ. ನಟರಿಗೆ ನಾನು ಕೊಡುವ ಅಭ್ಯಾಸಗಳಲ್ಲಿ ನನಗೆ ತುಂಬಾ ನಂಬಿಕೆ ಇರುವುದು ಇದರ ಮೇಲೆ. ದೇಹದ ಕಷ್ಟವನ್ನು ಮುಖಕ್ಕೆ ಬಿಡದಿರುವುದೇ ಬ್ಯಾಲೆ ಕಲಾವಿದರ ದಿನನಿತ್ಯದ ದುಡಿಮೆ. ಅದು ಗೊತ್ತಾದರೆ ಪಾತ್ರದ ಮನಸ್ಸೂ ಅರ್ಧ ಗೊತ್ತಾದಂತೆ.

ಭರತನಾಟ್ಯ ಗೊತ್ತಿರುವವರಿಗೆ

ನಿಮಗೆ ತಾಳ, ದಮ್ಮು, ಶಿಸ್ತು ಎಲ್ಲ ಇದೆ. ಅರಮಂಡಿಯಿಂದ ಸೊಂಟದ ಕೀಲೂ ತೆರೆದಿರುತ್ತದೆ. ಆದರೆ ಮೂರು ವಿಷಯ ಬದಲಾಗಬೇಕು. ಅರಮಂಡಿಯಲ್ಲಿ ಭಾರ ನೆಲಕ್ಕೆ ಇಳಿಯುತ್ತದೆ, ಪಾದ ನೆಲವನ್ನು ತಟ್ಟುತ್ತದೆ. ಬ್ಯಾಲೆಯಲ್ಲಿ ಮಂಡಿ ಬಗ್ಗಿಸುವ ಪ್ಲಿಯೇ ನೋಡಲು ಹತ್ತಿರ ಹತ್ತಿರ ಹಾಗೇ ಕಂಡರೂ ಅದು ಮೇಲೆ ಏಳುವ ಮುಂಚಿನ ತಯಾರಿ, ಸದ್ದೇ ಆಗಬಾರದು. ಮುದ್ರೆಯಲ್ಲಿ ಬೆರಳುಗಳಿಗೆ ಬಿಗಿ ಬೇಕು, ಇಲ್ಲಿ ಬೆರಳು ಸಡಿಲ. ಕಣ್ಣಿನಲ್ಲಿ ಭಾವ ದೊಡ್ಡದಾಗಿ ತೋರಿಸಿ ಅಭ್ಯಾಸ ಆಗಿರುತ್ತದೆ, ಕ್ಯಾಮೆರಾ ಮುಂದೆ ಅದನ್ನು ತುಂಬಾ ಇಳಿಸಬೇಕು.

ಬೇಲೂರು ಪಕ್ಕದಲ್ಲೇ ಇದೆ, ಒಂದು ಬೆಳಿಗ್ಗೆ ಹೋಗಿ ಬನ್ನಿ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವ ದೇವಸ್ಥಾನದ ಮದನಿಕೆಯರನ್ನು ನಟರ ಕಣ್ಣಲ್ಲಿ ನೋಡಿ. ಅವರ ತ್ರಿಭಂಗಿ ನಿಲುವಿನಲ್ಲಿ ಸೊಂಟ ಒಂದು ಕಡೆ, ಎದೆ ಇನ್ನೊಂದು ಕಡೆ, ತಲೆ ಮತ್ತೆ ವಾಪಸ್ ಈ ಕಡೆ. ಬ್ಯಾಲೆಯ ಮೂಲ ನಿಲುವಿನಲ್ಲಿ ಸೊಂಟದ ಎರಡೂ ಬದಿ ಸಮ, ಬೆನ್ನುಮೂಳೆ ನೇರ. ಇಷ್ಟು ದೂರದ ಎರಡು ಪದ್ಧತಿಗಳಲ್ಲೂ ಒಂದು ವಿಷಯ ಮಾತ್ರ ಒಂದೇ. ಕನ್ನಡಿ ಹಿಡಿದ ದರ್ಪಣ ಸುಂದರಿಯ ಮುಂದೆ ನಿಂತು ಅವಳ ಕೈ, ಕುತ್ತಿಗೆ, ನೋಟ ಮೂರನ್ನೂ ಒಟ್ಟಿಗೆ ನೋಡಿ. ಕನ್ನಡಿಯ ಕಡೆ ಹೊರಟ ನೋಟಕ್ಕೆ ಭುಜ, ಕುತ್ತಿಗೆ ಎರಡೂ ಒತ್ತಾಸೆ ಕೊಡುತ್ತವೆ. ಬ್ಯಾಲೆಯಲ್ಲಿ ಭುಜ ಮತ್ತು ತಲೆಯ ಈ ಹೊಂದಾಣಿಕೆಗೆ ಎಪೋಲ್‌ಮಾ ಅನ್ನುತ್ತಾರೆ. ಕೈ ಎಲ್ಲೋ, ನೋಟ ಎಲ್ಲೋ ಇದ್ದರೆ ಅಲ್ಲೂ ಸುಳ್ಳು, ಇಲ್ಲೂ ಸುಳ್ಳು.

ಸೊಂಟ ಮತ್ತು ಪಾದ

ಬ್ಯಾಲೆಯಲ್ಲಿ ಕಾಲು ಹೊರಗೆ ತಿರುಗುವುದು ಸೊಂಟದ ಕೀಲಿನಿಂದ. ಪಾದವನ್ನು ನೆಲಕ್ಕೆ ಒತ್ತಿ ಬಲವಂತವಾಗಿ ತಿರುಗಿಸಿದರೆ ಮಂಡಿ, ಹರಡು (ಪಾದದ ಕೀಲು) ಎರಡೂ ಕೆಡುತ್ತವೆ. ಮಂಡಿ ಬಗ್ಗಿಸಿ ನೋಡಿ, ಅದು ಪಾದದ ಎರಡನೇ ಬೆರಳಿನ ನೇರಕ್ಕೆ ಬರಬೇಕು. ಒಳಗೆ ಬಿದ್ದರೆ ನೀವು ಜಾಸ್ತಿ ತಿರುಗಿಸಿದ್ದೀರಿ, ಕಡಿಮೆ ಮಾಡಿ. ಎರಡೂ ಪಾದ ಒಂದೇ ಗೆರೆಯಲ್ಲಿ ಬರುವಷ್ಟು ತಿರುಗುವುದು ಮೂಳೆಯ ಆಕಾರಕ್ಕೂ ಸೇರಿದ ವಿಷಯ, ಎಲ್ಲರಿಗೂ ಆಗುವಂಥದ್ದಲ್ಲ. ಒಂದು ಮಗ್ಗುಲಾಗಿ ಮಲಗಿ, ಮಂಡಿ ಮಡಚಿ, ಪಾದ ಜೋಡಿಸಿಟ್ಟು ಮೇಲಿನ ಮಂಡಿಯನ್ನಷ್ಟೇ ಎತ್ತಿ ಇಳಿಸುವ ವ್ಯಾಯಾಮದಿಂದ ತಿರುಗಿಸುವ ಸ್ನಾಯುಗಳು ಬಲವಾಗುತ್ತವೆ.

ಪಾದಕ್ಕೆ ಹಿಮ್ಮಡಿ ಎತ್ತುವ ಅಭ್ಯಾಸ. ಮೊದಲು ಎರಡೂ ಕಾಲಿನಲ್ಲಿ 15 ಸಲ, ನಿಧಾನವಾಗಿ ಏರಿ, ಅದಕ್ಕಿಂತ ನಿಧಾನವಾಗಿ ಇಳಿಯಿರಿ. ಹರಡು ಹೊರಗೆ ವಾಲಬಾರದು. ಕೆಲವು ವಾರದ ಮೇಲೆ ಒಂದೊಂದೇ ಕಾಲಿನಲ್ಲಿ ಮಾಡಿ. ಹಲ್ಲುಜ್ಜುವಾಗ ಒಂಟಿ ಕಾಲಲ್ಲಿ ನಿಲ್ಲುವುದನ್ನು ರೂಢಿ ಮಾಡಿಕೊಳ್ಳಿ.

ಪಾಯಿಂಟ್ ಶೂ ಹಾಕಿ ಬೆರಳ ತುದಿಯಲ್ಲಿ ನಿಲ್ಲುವ ಆಸೆ ಬಿಟ್ಟುಬಿಡಿ. ಮಕ್ಕಳಿಗೂ ವರ್ಷಗಟ್ಟಲೆ ಕಲಿಸಿ, ಸಾಮಾನ್ಯವಾಗಿ 11, 12 ವಯಸ್ಸಿನ ಹೊತ್ತಿಗೆ, ಪಾದದ ಬಲ ನೋಡಿಯೇ ಅದನ್ನು ಕೊಡುತ್ತಾರೆ. ಆನ್‌ಲೈನಲ್ಲಿ ತರಿಸಿಕೊಂಡು ಕನ್ನಡಿ ಮುಂದೆ ಎದ್ದು ನಿಲ್ಲುವುದು ಹರಡು ಮುರಿದುಕೊಳ್ಳುವ ದಾರಿ. ಆ ಶಾಟ್ ಡಬಲ್‌ನದು. ಇದರಲ್ಲಿ ನನಗೆ ಎರಡು ಮಾತಿಲ್ಲ.

ದಮ್ಮು ಬೇಕೇ ಬೇಕು, ಯಾಕೆಂದರೆ ಶೂಟಿಂಗ್‌ನಲ್ಲಿ ಅದೇ ಅರ್ಧ ನಿಮಿಷವನ್ನು ಮತ್ತೆ ಮತ್ತೆ ಮಾಡಿಸುತ್ತಾರೆ. ಶ್ರವಣಬೆಳಗೊಳದ ವಿಂಧ್ಯಗಿರಿಯಲ್ಲಿ 600ಕ್ಕೂ ಹೆಚ್ಚು ಮೆಟ್ಟಿಲಿವೆ. ಬಿಸಿಲೇರುವ ಮುಂಚೆ ಹತ್ತಿ. ಇಳಿಯುವಾಗ ಮಂಡಿಗೆ ಭಾರ ಜಾಸ್ತಿ, ಆತುರ ಬೇಡ. ಚಿಕ್ಕಮಗಳೂರಿನವರಿಗೆ ಸರ್ಪದಾರಿಯಿಂದ ಮುಳ್ಳಯ್ಯನಗಿರಿ ಇದೆ. ಈಜು ಬಂದರೆ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ.

ಊಟ ಬಿಡಬೇಡಿ

ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಬ್ಯಾಲೆ ಅಂದರೆ ಕಡ್ಡಿ ಮೈ ಅಂದುಕೊಂಡು ಊಟ ಬಿಡುವ ಹುಡುಗಿಯರನ್ನು ನೋಡಿದ್ದೇನೆ. ತಾಲೀಮು ಹೆಚ್ಚಿ ಊಟ ಕಡಿಮೆಯಾದರೆ ಮೊದಲು ನಿದ್ದೆ ಕೆಡುತ್ತದೆ, ಸಿಡುಕು ಬರುತ್ತದೆ, ಆಮೇಲೆ ಮುಟ್ಟು ತಪ್ಪುತ್ತದೆ, ಮೂಳೆ ಸೊರಗುತ್ತದೆ. ಮುಟ್ಟು ನಿಂತರೆ ಅದನ್ನು ಒಳ್ಳೆಯ ಲಕ್ಷಣ ಅಂತ ಯಾರು ಹೇಳಿದರೂ ಕೇಳಬೇಡಿ, ನೇರ ಡಾಕ್ಟರ ಹತ್ತಿರ ಹೋಗಿ. ತೂಕ ಇಳಿಸಲೇಬೇಕು ಅಂತ ನಿರ್ಮಾಪಕರು ಒತ್ತಾಯ ಮಾಡಿದರೆ, ಡಾಕ್ಟರ ಸಲಹೆ ಇಲ್ಲದೆ ಆಗುವುದಿಲ್ಲ ಅಂತ ಹೇಳುವ ಹಕ್ಕು ನಿಮಗಿದೆ.

ಕಷ್ಟಪಟ್ಟು ತಾಲೀಮು ಮಾಡುವವರಿಗೆ ದೇಹತೂಕದ ಒಂದು ಕಿಲೋಗೆ ದಿನಕ್ಕೆ 1.2ರಿಂದ 2 ಗ್ರಾಂ ಪ್ರೋಟೀನ್ ಬೇಕಾಗುತ್ತದೆ. 50 ಕಿಲೋ ಇರುವವರಿಗೆ ಕಡಿಮೆ ಅಂದರೂ 60 ಗ್ರಾಂ. ಇದಕ್ಕೆ ಡಬ್ಬದ ಪುಡಿಯೇ ಬೇಕೆಂದಿಲ್ಲ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, 100 ಗ್ರಾಂ ಹಸಿ ಹುರುಳಿಕಾಳಿನಲ್ಲಿ ಸುಮಾರು 22 ಗ್ರಾಂ ಇದೆ. ಮೊಳಕೆ ಹುರುಳಿ ಸಾರು, ರಾಗಿ ಮುದ್ದೆ, ಮೊಸರು, ಅವರೆ ಕಾಲದಲ್ಲಿ ಅವರೆಕಾಳು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಜಾಸ್ತಿ ಕ್ಯಾಲ್ಸಿಯಂ ಇದೆ. ಮೂಳೆಗೆ ಏಟು ಬೀಳುವ ಕೆಲಸ ಮಾಡುವವರಿಗೆ ನಮ್ಮ ಅಡುಗೆಮನೆ ಒಳ್ಳೆಯ ಜಾಗ.

ಕುಣಿಯದೆ ಇರುವಾಗ ಏನು ಮಾಡುತ್ತಾರೆ

ಚಿತ್ರಕಥೆಯಲ್ಲಿ ಬ್ಯಾಲೆ ಕಲಾವಿದೆ ಕುಣಿಯುವುದಕ್ಕಿಂತ ಕೂರುವುದು, ಕಾಯುವುದು, ಬೆವರು ಒರೆಸುವುದು ಹೆಚ್ಚು. ಇದನ್ನು ಕಲಿಯಲು ಪಾದದ ಬಲ ಬೇಡ, ಗಮನ ಸಾಕು. ತರಗತಿಗೆ ಹೋದಾಗ ಅರ್ಧ ಗಂಟೆ ಮೊದಲೇ ಹೋಗಿ ಮೂಲೆಯಲ್ಲಿ ಕೂತು ನೋಡಿ.

ಪಾಯಿಂಟ್ ಶೂವಿನ ಕೆಲಸ ಒಂದನ್ನೇ ತೆಗೆದುಕೊಳ್ಳಿ. ಹೊಸ ಶೂ ಬಂದಾಗ ಅದಕ್ಕೆ ರಿಬ್ಬನ್ ಇರುವುದಿಲ್ಲ, ಕಲಾವಿದೆಯೇ ಹೊಲಿದುಕೊಳ್ಳುತ್ತಾಳೆ. ಹಿಮ್ಮಡಿ ಭಾಗವನ್ನು ಮುಂದೆ ಮಡಚಿ, ಮಡಿಕೆ ಬಂದ ಜಾಗದಲ್ಲಿ ರಿಬ್ಬನ್ ಇಟ್ಟು ಗಟ್ಟಿ ದಾರದಲ್ಲಿ ಸಣ್ಣ ಸಣ್ಣ ಹೊಲಿಗೆ ಹಾಕುತ್ತಾಳೆ. ರಿಬ್ಬನ್ನಿನ ತುದಿ ಬಿಚ್ಚಿಕೊಳ್ಳದಿರಲು ಲೈಟರ್‌ನಲ್ಲಿ ಸ್ವಲ್ಪ ಸುಡುತ್ತಾಳೆ. ಶೂ ತುದಿಯ ಡಬ್ಬಿಯಂಥ ಭಾಗ ಬಟ್ಟೆ, ಕಾಗದದ ಪದರಗಳಿಗೆ ಅಂಟು ಹಾಕಿ ಗಟ್ಟಿ ಮಾಡಿದ್ದು. ಅದನ್ನು ಅಂಗೈಯಲ್ಲಿ ಒತ್ತಿ, ಕೆಲವರು ನೆಲಕ್ಕೆ ಬಡಿದು, ತಮ್ಮ ಪಾದಕ್ಕೆ ಒಗ್ಗಿಸುತ್ತಾರೆ. ಜಾರದಂತೆ ತುದಿಗೆ ರಾಳದ ಪುಡಿ ತಿಕ್ಕುತ್ತಾರೆ. ಇದೆಲ್ಲ ಮಾಡುವಾಗ ಅವಳು ಶೂ ಕಡೆ ಪೂರ್ತಿ ನೋಡುವುದಿಲ್ಲ, ಪಕ್ಕದವರ ಹತ್ತಿರ ಮಾತಾಡುತ್ತಲೇ ಇರುತ್ತಾಳೆ. ಕೈಗೆ ಅಷ್ಟು ರೂಢಿ. ಒಂದು ಹಳೇ ಜೊತೆ ಶೂ ಸಂಪಾದಿಸಿ, ಹೊಲಿದು ಬಿಚ್ಚಿ, ಮತ್ತೆ ಹೊಲಿಯಿರಿ. ನಿಮ್ಮ ಕೈಯೂ ಹಾಗೆ ಆದ ದಿನ ನಿರ್ದೇಶಕರಿಗೆ ತೋರಿಸಿ, ದೃಶ್ಯದಲ್ಲಿ ಸೇರಿಸಿಕೊಳ್ಳಬಹುದು.

ಇನ್ನೊಂದು ಮಾರ್ಕಿಂಗ್. ರಿಹರ್ಸಲ್‌ನಲ್ಲಿ ಪ್ರತಿ ಸಲ ಪೂರ್ತಿ ಕುಣಿದರೆ ದೇಹ ತಡೆಯುವುದಿಲ್ಲ. ಹಾಗಾಗಿ ಹೆಜ್ಜೆಗಳನ್ನು ಅರ್ಧಂಬರ್ಧ ಮಾಡುತ್ತಾರೆ, ಕೆಲವು ಸಲ ಕಾಲಿನ ಕೆಲಸವನ್ನು ಬರೀ ಕೈಯಲ್ಲೇ ತೋರಿಸಿಕೊಳ್ಳುತ್ತಾರೆ. ಸುತ್ತುವುದಕ್ಕೆ ಒಂದು ಬೆರಳು ತಿರುಗಿಸುವುದು, ಜಿಗಿತಕ್ಕೆ ಅಂಗೈ ಹಾರಿಸುವುದು, ತುಟಿಯಲ್ಲಿ ಎಣಿಕೆ. ಈ ಸಣ್ಣ ಚಲನೆ ನಿಮಗೆ ಬಂತು ಅಂದರೆ, ಒಂದು ಹೆಜ್ಜೆ ಕುಣಿಯದೆಯೂ ದೃಶ್ಯ ನಿಲ್ಲುತ್ತದೆ. ಇದು ಸುಮ್ನೆ ಕೈ ಆಡಿಸುವುದಲ್ಲ, ನಿಮ್ಮ ಡಬಲ್ ಮಾಡುವ ಅದೇ ಹೆಜ್ಜೆಗಳು, ಅದೇ ಎಣಿಕೆಯಲ್ಲಿ ಇರಬೇಕು. ನಡಿಗೆಯಲ್ಲಿ ಪಾದ ಸ್ವಲ್ಪ ಹೊರಗೆ ತಿರುಗಿರುವುದು, ವಿಶ್ರಾಂತಿಯಲ್ಲೂ ಕಾಲಿಗೆ ಉಣ್ಣೆಯ ಲೆಗ್ ವಾರ್ಮರ್, ಎತ್ತಿ ಕಟ್ಟಿದ ತುರುಬು, ಇವನ್ನೂ ಗಮನಿಸಿ.

ಫೋನು, ಡಬಲ್, ಶೂಟಿಂಗ್ ದಿನ

ಕನ್ನಡಿ ಮುಂದೆ ಮಾಡಿದರೆ ನೋಟ ಕನ್ನಡಿಗೆ ಅಂಟಿಕೊಳ್ಳುತ್ತದೆ. ಫೋನನ್ನು ಎದೆಯ ಮಟ್ಟದಲ್ಲಿ ಇಟ್ಟು ವಾರಕ್ಕೊಮ್ಮೆ ಎದುರಿನಿಂದ, ಪಕ್ಕದಿಂದ, ಹಿಂದಿನಿಂದ ರೆಕಾರ್ಡ್ ಮಾಡಿ. ಸ್ಲೋ ಮೋಷನ್ ಹಾಕಿ ನೋಡಿದರೆ ಭುಜ ಏರುವ ಕ್ಷಣ ಗೊತ್ತಾಗುತ್ತದೆ. ಬೆನ್ನಿನ ವೀಡಿಯೊ ನೋಡುವುದನ್ನು ಎಲ್ಲರೂ ಮರೆಯುತ್ತಾರೆ, ಬ್ಯಾಲೆ ದೃಶ್ಯಗಳಲ್ಲಿ ಬೆನ್ನಿನ ಶಾಟ್ ಧಾರಾಳ.

ಡಬಲ್ ಜೊತೆ ಮೊದಲಿನಿಂದಲೇ ಅಭ್ಯಾಸ ಮಾಡಿ. ನಿಮ್ಮ ಉಸಿರು, ತಲೆ ತಿರುಗಿಸುವ ರೀತಿ ಅವರದ್ದಕ್ಕೆ ಹೊಂದಬೇಕು. ಸುತ್ತುವಾಗ ಬ್ಯಾಲೆಯವರು ನೋಟವನ್ನು ಒಂದು ಬಿಂದುವಿನಲ್ಲಿ ನಿಲ್ಲಿಸಿ, ಮೈ ತಿರುಗಿದ ಮೇಲೆ ತಲೆಯನ್ನು ಸರಕ್ಕನೆ ತಿರುಗಿಸುತ್ತಾರೆ. ಇದಕ್ಕೆ ಸ್ಪಾಟಿಂಗ್ ಅನ್ನುತ್ತಾರೆ, ತಲೆ ಸುತ್ತು ಬರುವುದನ್ನೂ ಇದು ಕಡಿಮೆ ಮಾಡುತ್ತದೆ. ನೀವು ಕಾಲು ಅಲ್ಲಾಡಿಸದೆ ತಲೆಯದ್ದನ್ನಷ್ಟೇ ಚೊಕ್ಕವಾಗಿ ಮಾಡಿದರೂ ಎಡಿಟಿಂಗ್‌ನಲ್ಲಿ ಎರಡು ಶಾಟ್ ಕೂಡಿಕೊಳ್ಳುತ್ತವೆ. ‘ಬ್ಲ್ಯಾಕ್ ಸ್ವಾನ್’ನಲ್ಲಿ ಯಾರು ಎಷ್ಟು ಕುಣಿದರು ಅಂತ 2011ರಲ್ಲಿ ದೊಡ್ಡ ಜಗಳವೇ ಆಯಿತು. ಕುಣಿತದ 139 ಶಾಟ್‌ಗಳಲ್ಲಿ 28 ಮಾತ್ರ ಡಬಲ್‌ನವು ಅಂತ ನಿರ್ದೇಶಕ ಡ್ಯಾರೆನ್ ಅರೊನೊಫ್‌ಸ್ಕಿ ಲೆಕ್ಕ ಕೊಟ್ಟರು, ಸಾರಾ ಲೇನ್ ಅದನ್ನು ಒಪ್ಪಲಿಲ್ಲ. ಅದಕ್ಕೇ ಹೇಳುತ್ತೇನೆ, ಡಬಲ್ ಹೆಸರು ಟೈಟಲ್ ಕಾರ್ಡಿನಲ್ಲಿ ಬರಲಿ ಅಂತ ನೀವೇ ಮುಂದೆ ನಿಂತು ಕೇಳಿ. ಅವರ ಇಡೀ ಬಾಲ್ಯ ನಿಮ್ಮ ಪಾತ್ರಕ್ಕೆ ಸಾಲ ಬಂದಿದೆ.

ಶೂಟಿಂಗ್ ದಿನ ಮೊದಲ ಟೇಕ್‌ಗೆ ಅರ್ಧ ಗಂಟೆ ಮುಂಚೆ ಮೈ ಬೆಚ್ಚಗೆ ಮಾಡಿಕೊಳ್ಳಿ. ಲೈಟಿಂಗ್ ಬದಲಿಸುವ ಹೊತ್ತಿನಲ್ಲಿ ಕೂರಬೇಡಿ, ಸ್ವೆಟರ್ ಹಾಕಿ ಓಡಾಡುತ್ತಿರಿ. ನೆಲ ಹೇಗಿದೆ ಅಂತ ಹಿಂದಿನ ದಿನವೇ ಬರಿಗಾಲಲ್ಲಿ ನಡೆದು ನೋಡಿ. ಮೂಳೆಯ ಮೇಲೆ ಒಂದೇ ಚುಕ್ಕಿಯಲ್ಲಿ ನೋವು ಬಂದರೆ, ಒತ್ತಿದಾಗ ಹೆಚ್ಚಾದರೆ, ಅಲ್ಲಿಗೇ ನಿಲ್ಲಿಸಿ. ಸ್ನಾಯುವಿನ ಉರಿ ಬೇರೆ, ಇದು ಬೇರೆ.

ಶೂಟಿಂಗ್ ಮುಗಿಯಿತು ಅಂತ ಮರುದಿನವೇ ಎಲ್ಲ ಬಿಡಬೇಡಿ. ಬಿಟ್ಟುಹೋದ ಶಾಟ್ ತೆಗೆಯುವ ಪ್ಯಾಚ್ ಶೂಟ್‌ಗೆ ಒಂದೆರಡು ತಿಂಗಳ ಮೇಲೆ ಕರೆದರೆ ಭುಜ ಮತ್ತೆ ಮೇಲೇರಿರುತ್ತದೆ, ಶಾಟ್ ಹೊಂದುವುದಿಲ್ಲ. ಸಿನಿಮಾ ಎಡಿಟಿಂಗ್ ಪೂರ್ತಿ ಆಗುವವರೆಗೆ ವಾರಕ್ಕೆರಡು ಸಲ ಕಿಟಕಿ ಸರಳು ಹಿಡಿದು ಮುಕ್ಕಾಲು ಗಂಟೆ ಅಭ್ಯಾಸ ಇಟ್ಟುಕೊಳ್ಳಿ. ಗೋಡೆಯ ನಿಲುವು ಮಾತ್ರ ದಿನಾ ಇರಲಿ.